ಅಕ್ಕಿ ಡ್ರಮ್ಮಿನ ಪಕ್ಕದ ಆಫೀಸು

ಸೆಪ್ಟೆಂಬರ್ 3, ಬುಧವಾರ

ಈ ಡೈರಿ ಗಂಡ ಕೆಲಸಕ್ಕಿದ್ದ ಹೋಟೆಲಿಗೆ ಬೇಳೆ ಕೊಡುತ್ತಿದ್ದ ಸೇಠ್ ಜನವರಿಯಲ್ಲಿ ಕೊಟ್ಟದ್ದು. ಎಂಟು ತಿಂಗಳು ಫ್ರಿಜ್ಜಿನ ಮೇಲೆ ಧೂಳು ತಿಂದಿತು. ಇವತ್ತು ಒರೆಸಿ ತೆಗೆದಿದ್ದೇನೆ. ಯಾರಿಗೂ ಹೇಳದಿದ್ದರೆ ಹೊಟ್ಟೆ ಒಡೆದುಹೋದೀತು, ಹೇಳಿದರೆ ದೃಷ್ಟಿ ತಾಗೀತು. ಬರೆಯುವುದೇ ವಾಸಿ.

ನನಗೆ ಕೆಲಸ ಸಿಕ್ಕಿದೆ! ಐವತ್ತೊಂದನೇ ವಯಸ್ಸಿನಲ್ಲಿ! ಪೂರ್ತಿ ಸಿಕ್ಕಿಲ್ಲ, ಮುಕ್ಕಾಲು ಸಿಕ್ಕಿದೆ.

ಒಂದು ಕಣ್ಣಿನ ಆಸ್ಪತ್ರೆಯ ಕೆಲಸ. ಕರ್ನಾಟಕದಲ್ಲಿ ಪೊರೆಯ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರಿಗೆ ಫೋನು ಮಾಡಿ, ಡ್ರಾಪ್ಸ್ ಹಾಕಿಕೊಂಡಿರಾ, ಕಣ್ಣು ಉಜ್ಜಿದಿರಾ, ನೋವು ಉಂಟಾ ಎಂದು ಕನ್ನಡದಲ್ಲಿ ವಿಚಾರಿಸಬೇಕು. ಮನೆಯಲ್ಲೇ ಕೂತು. ಮಗಳು ಯಕ್ಷಿತಾ ಅಂಧೇರಿಯ ತನ್ನ ಆಫೀಸಿನಲ್ಲಿ ಯಾರಿಂದಲೋ ಕೇಳಿ ನನ್ನ ಹೆಸರು ಕೊಟ್ಟಿದ್ದಳು. ಅವರ ಫೋನು ಬಂದಾಗ ನಾನು ಅಭ್ಯಾಸದಂತೆ ಗಂಡನ ಹೆಸರಿನಲ್ಲೇ "ಹಲೋ, ಧರ್ಮಣ್ಣನವರ ಮನೆ" ಎಂದುಬಿಟ್ಟೆ. ಆ ಕಡೆಯ ಹೆಂಗಸು "ಅಯ್ಯ, ರಾಂಗ್ ನಂಬರ್ ಏನ್ರೀ?" ಎಂದು ಇಡಲಿಕ್ಕೇ ಹೊರಟಿದ್ದಳು. "ಇಡಬೇಡಿ ಇಡಬೇಡಿ, ರಾಜೀವಿ ನಾನೇ!" ಎಂದು ಬೊಬ್ಬೆ ಹೊಡೆದೆ.

ಅವಳ ಹೆಸರು ವಂದನಾ. ಧಾರವಾಡದವಳು, ಕೆಲಸ ಸಿಕ್ಕಿದರೆ ನನ್ನ ಮೇಲಿನ ಅಧಿಕಾರಿ. ಪರೀಕ್ಷೆಗೆಂದು ನಾಲ್ಕು ಊರಿನ ನಾಲ್ಕು ಮುದುಕರ ಮಾತು ಕೇಳಿಸಿ, ಯಾರಿಗೆ ಏನು ತೊಂದರೆ ಹೇಳಿ ಎಂದಳು. ನಾಲ್ಕೂ ಸರಿ ಹೇಳಿದೆ. ಹೋಟೆಲಿನವನ ಹೆಂಡತಿ ನಾನು, ಮದುವೆಯಾಗಿ ಮುಂಬಯಿಗೆ ಬಂದ ಇಪ್ಪತ್ತೇಳು ವರ್ಷದಲ್ಲಿ ಈ ಮನೆಯಲ್ಲಿ ಉಂಡುಹೋಗದ ಜಿಲ್ಲೆಯವರಿಲ್ಲ.

ಉಳಿದ ಕಾಲು ಭಾಗ ಇದು: ಹತ್ತೊಂಬತ್ತನೇ ತಾರೀಕು ಹನ್ನೊಂದು ಗಂಟೆಗೆ ವೀಡಿಯೋದಲ್ಲಿ ನನ್ನ 'ಹೋಮ್ ಆಫೀಸು' ನೋಡುತ್ತಾರಂತೆ. ಬಾಗಿಲು ಹಾಕಿಕೊಳ್ಳಲು ಬರುವ ಜಾಗ, ಮೇಜು, ಬೆನ್ನಿರುವ ಕುರ್ಚಿ, ತಂತಿಯ ಇಂಟರ್‌ನೆಟ್. ಗಲಾಟೆ ಕೂಡದು. ರೋಗಿಯ ವಿಷಯ ಮನೆಯವರ ಕಿವಿಗೂ ಬೀಳಬಾರದು. ಇದೆಲ್ಲ ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ನನ್ನ ಕೆಳಗಿನವಳಿಗೆ.

ಘಾಟ್ಕೋಪರಿನ ಈ ಮೂರನೇ ಮಾಳಿಗೆಯ ಮನೆಯಲ್ಲಿ ಒಂದು ಹಾಲು, ಒಂದು ಬೆಡ್‌ರೂಮು, ಒಂದು ಅಡುಗೆಮನೆ. ಜನ ನಾಲ್ಕು. ಬಾಗಿಲು ಹಾಕಿಕೊಂಡು ನಾನೊಬ್ಬಳೇ ಇದ್ದ ಜಾಗ ಅಂದರೆ ಬಚ್ಚಲು. ಇದನ್ನು ಬರೆಯುತ್ತಿರುವುದೂ ಅಡುಗೆಮನೆಯ ನೆಲದಲ್ಲಿ ಕೂತು, ಕುಕ್ಕರಿನ ಮೂರನೇ ಸೀಟಿ ಕಾಯುತ್ತ.

ಸೆಪ್ಟೆಂಬರ್ 5, ಶುಕ್ರವಾರ

ಹೇಳಿಬಿಟ್ಟೆ. ಹೇಳದೆ ಜಾಗ ಹೇಗೆ ಕೇಳುವುದು?

ಇವರು "ಆಫೀಸಾ? ಈ ಮನೆಯಲ್ಲಾ?" ಎಂದು ನಕ್ಕು, ಮತ್ತೆ ಬಾಗಿಲಿನ ಕಡೆ ನೋಡುತ್ತ ಕೂತರು. ದಾದರಿನ ಹೋಟೆಲು ಜುಲೈ ಕೊನೆಗೆ ಮುಚ್ಚಿತು. ಮೂವತ್ತೊಂದು ವರ್ಷ ಅದರ ಗಲ್ಲಾದಲ್ಲಿ ಕೂತವರು ಇವರು. ಈಗ ಹಾಲಿನ ಕುರ್ಚಿಯನ್ನೇ ಗಲ್ಲಾ ಮಾಡಿಕೊಂಡಿದ್ದಾರೆ. ಕೊರಿಯರಿನವನು ಬಂದರೂ ಪಾರ್ಸೆಲ್ ತೆಗೆದುಕೊಳ್ಳುವ ಮೊದಲು "ಎಷ್ಟು ಜನ?" ಎಂದು ಕೇಳಿಬಿಡುತ್ತಾರೋ ಎಂದು ನನಗೆ ಭಯ. ಪಾಪ ಅನಿಸುತ್ತದೆ. ಸಿಟ್ಟೂ ಬರುತ್ತದೆ.

ಇರುವುದು ಒಂದೇ ದಾರಿ, ಬೆಡ್‌ರೂಮಿನ ಬಾಲ್ಕನಿ. ಗ್ರಿಲ್ಲು, ಗಾಜು ಹಾಕಿಸಿ ಮುಚ್ಚಿದ್ದು. ಉದ್ದ ಐದಡಿ. ಅದರಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು, ರದ್ದಿ ಪೇಪರು, ಮತ್ತು ಮೂಲೆಯಲ್ಲಿ ಅತ್ತೆಯ ಕುಚ್ಚಲಕ್ಕಿ ಡ್ರಮ್ಮು. "ಅತ್ತೆ, ಡ್ರಮ್ಮನ್ನು ಅಡುಗೆಮನೆಗೆ ತರುವನಾ?" ಎಂದೆ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ.

"ಅದಕ್ಕೆ ತೆನೆ ಕಟ್ಟಿದ್ದು ಉಂಟು," ಎಂದರು ಅತ್ತೆ. "ಹೊಸ ತೆನೆ ಬರುವವರೆಗೆ ಒಂದಿಂಚು ಅಲುಗಾಡಿಸ್ಲಿಕ್ಕೆ ಇಲ್ಲ."

ಮುಗಿಯಿತು ಕತೆ. ನವರಾತ್ರಿಯ ಮೊದಲ ದಿನ ಊರಿನಿಂದ ಹೊಸ ಭತ್ತದ ತೆನೆ ಬರುತ್ತದೆ. ಅತ್ತೆ ಅದನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ, ನಾರಿನಲ್ಲಿ ಬಿಗಿದು, ಮನೆಗೆ ಅನ್ನ ಕೊಡುವುದಕ್ಕೆಲ್ಲ ಕಟ್ಟುತ್ತಾರೆ. ಬಾಗಿಲಿಗೊಂದು, ದೇವರಿಗೊಂದು, ಒಲೆಗೊಂದು, ಅಕ್ಕಿ ಡ್ರಮ್ಮಿಗೊಂದು. ಐದನೆಯದು ಹೋಟೆಲಿನ ಗಲ್ಲಾಕ್ಕೆ. ಅದನ್ನು ಇವರು ಅಂಗಿಯ ಜೇಬಿನಲ್ಲಿಟ್ಟುಕೊಂಡು ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಒಂದು ಎಲೆ ಮುರಿಯದಂತೆ ದಾದರಿಗೆ ಮುಟ್ಟಿಸುತ್ತಿದ್ದರು.

ನವರಾತ್ರಿ ಇಪ್ಪತ್ತೆರಡಕ್ಕೆ. ನನ್ನ ಪರೀಕ್ಷೆ ಹತ್ತೊಂಬತ್ತಕ್ಕೆ. "ಆಯ್ತು ಅತ್ತೆ" ಎಂದೆ. ಆಮೇಲೆ ಪಾತ್ರೆಗಳನ್ನು ಎಷ್ಟು ಜೋರಾಗಿ ತೊಳೆದೆ ಎಂದರೆ ಯಕ್ಷಿತಾ ಓಡಿ ಬಂದು "ಮಮ್ಮಿ, ಕ್ಯಾ ಹುವಾ?" ಎಂದಳು.

ಸೆಪ್ಟೆಂಬರ್ 8, ಸೋಮವಾರ

ರದ್ದಿ ಹೋಯಿತು. ಬಟ್ಟೆ ಸ್ಟ್ಯಾಂಡು ಹಾಲಿಗೆ ಬಂತು. ಇವರ ಮುಖದ ಎದುರಿಗೇ ಲಂಗ, ಟವೆಲು ನೇತಾಡುತ್ತಿವೆ. ನಾನೇನು ಮಾಡಲಿ.

ಡ್ರಮ್ಮು ಒಂದೂವರೆ ಅಡಿ ತಿಂದರೆ ನನಗೆ ಉಳಿಯುವುದು ಮೂರೂವರೆ. ಸಾಕು. ಮೂರಡಿಯ ಮೇಜು ಹುಡುಕಬೇಕು.

ಸೆಪ್ಟೆಂಬರ್ 11, ಗುರುವಾರ

ಇವತ್ತು ಮನೆಯಲ್ಲಿ ದೊಡ್ಡ ರಂಪ.

ಮಧ್ಯಾಹ್ನ ಕೆಳಗೆ ಟೆಂಪೋ ನಿಂತಿತು. ಇವರು ಬೆಳಿಗ್ಗೆ ಎದ್ದು ಎಲ್ಲಿಗೆ ಎಂದೂ ಹೇಳದೆ ಹೋಗಿದ್ದರು. ನೋಡಿದರೆ ಹೋಟೆಲಿನ ಅಮೃತಶಿಲೆಯ ಮೇಜು! ಬಿಳಿ ಕಲ್ಲು, ಕಬ್ಬಿಣದ ಕಾಲು. ಗಲ್ಲಾದ ಪಕ್ಕದ ಒಂದನೇ ನಂಬರಿನ ಟೇಬಲು. ಮಾಲೀಕರು ಹೋಟೆಲಿನ ಸಾಮಾನನ್ನೆಲ್ಲ ಕೆಲಸದವರಿಗೆ ಹಂಚುತ್ತಿದ್ದಾರೆಂದು ಗೊತ್ತಾಗಿ ಹೋಗಿ ತಂದಿದ್ದಾರೆ. ಲಿಫ್ಟಿಗೆ ಹಿಡಿಸಲಿಲ್ಲ. ಮೂರು ಜನ ಹೊತ್ತು ತಂದರು, ಏದುಸಿರು ಬಿಡುತ್ತ. ಇವರು ಮುಂದೆ ಮುಂದೆ "ಸಂಭಾಲ್ ಕೆ, ಸಂಭಾಲ್ ಕೆ" ಎನ್ನುತ್ತ. ಒಂದೂವರೆ ತಿಂಗಳಲ್ಲಿ ಇವರ ದನಿ ಅಷ್ಟು ಜೋರಾಗಿ ಕೇಳಿದ್ದು ಇವತ್ತೇ.

ಬಾಲ್ಕನಿಯಲ್ಲಿಟ್ಟರೆ ಕೂರಲಿಲ್ಲ. ಅರ್ಧ ಅಡಿ ಹೆಚ್ಚು.

"ಅಳತೆ ತೆಗೆದಿರಾ?" ಎಂದೆ.

"ಮೂವತ್ತೊಂದು ವರ್ಷ ಟೇಬಲ್ ಹಾಕಿಸಿದವನಿಗೆ ಅಳತೆ ಬೇಕಾ ಮಾರಾಯ್ತಿ? ನಾಲ್ಕು ಜನರ ಟೇಬಲು ಇದು."

"ನಾನು ಒಬ್ಬಳು!" ಎಂದು ಕಿರುಚಿದೆ. "ನಾಲ್ಕು ಜನ ಅಲ್ಲ, ಒಬ್ಬಳು! ಒಬ್ಬಳಿಗೆ ಎಷ್ಟು ಜಾಗ ಬೇಕು ಅಂತ ಈ ಮನೆಯಲ್ಲಿ ಯಾರಾದರೂ ಅಳೆದದ್ದುಂಟಾ?"

ಹಮಾಲರು ನೆಲ ನೋಡಿದರು. ಇವರು ಕಲ್ಲಿನ ಮೇಲೆ ಕೈಯಾಡಿಸುತ್ತ ನಿಂತರು. ಅತ್ತೆ ಡ್ರಮ್ಮಿನ ಪಕ್ಕದಲ್ಲಿ ಕಾವಲು ನಿಂತಿದ್ದರು, ನಾನು ಎತ್ತಿ ಬಿಸಾಡುತ್ತೇನೆಂದು ಹೆದರಿದವರ ಹಾಗೆ. ಡ್ರಮ್ಮು ತೆಗೆದಿದ್ದರೆ ಮೇಜು ಸರಿಯಾಗಿ ಕೂರುತ್ತಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು.

ನಾನು ಯಾವತ್ತೂ ಇವರ ಮೇಲೆ ಹಾಗೆ ಕಿರುಚಿದವಳಲ್ಲ. ಹೊರಗಿನವರ ಎದುರಿಗೆ ಬೇರೆ. ಹಾಳಾಗಿ ಹೋಗಲಿ.

ಸೆಪ್ಟೆಂಬರ್ 13, ಶನಿವಾರ

ಕಲ್ಲು ಕೊಯ್ಯಿಸಿದೆವು! ಇವರೇ ಬೆಳಿಗ್ಗೆ ಮಾರ್ಬಲ್ ಕೊಯ್ಯುವವನನ್ನು ಕರೆತಂದರು. ಕೆಳಗೆ ಪಾರ್ಕಿಂಗಿನಲ್ಲಿ ಮಷಿನು ಇಟ್ಟು ಎಂಟಿಂಚು ತೆಗೆದ. ನಾನು ಪಕ್ಕದಲ್ಲೇ ನಿಂತು ಟೇಪು ಹಿಡಿದು ಮೂರು ಸಲ ಗೆರೆ ಹಾಕಿಸಿದೆ. ಇವರು ಅಷ್ಟು ಹೊತ್ತೂ ಗೇಟಿನ ಕಡೆ ಮುಖ ಮಾಡಿ ನಿಂತಿದ್ದರು. ಆ ಮೇಜಿನಲ್ಲಿ ದಿನಾ ಬೆಳಿಗ್ಗೆ ಇವರ ಮೊದಲ ಚಹಾ ಆಗುತ್ತಿತ್ತಂತೆ. ಕೊಯ್ಯುವವನು ಹೋದ ಮೇಲೆ ಹೇಳಿದರು.

ಕೊಯ್ದ ತುಂಡನ್ನು ಅತ್ತೆ ತೊಳೆದು, ಚಪಾತಿ ಲಟ್ಟಿಸಲಿಕ್ಕೆ ಇಟ್ಟುಕೊಂಡರು. "ಒಳ್ಳೆ ಕಲ್ಲು. ಹಾಳು ಮಾಡಬಾರದು" ಎಂದರು. ನನ್ನ ಮುಖ ನೋಡದೆ.

ಬಾಲ್ಕನಿಯ ಬಾಗಿಲನ್ನು ಯಕ್ಷಿತಾ ಹುಟ್ಟಿದ ವರ್ಷ ಕಿತ್ತು ಅಟ್ಟದ ಮೇಲೆ ಹಲಗೆಯ ಹಾಗೆ ಹಾಸಿದ್ದರು. ಅದರ ಮೇಲಿಂದ ಇಡ್ಲಿ ಬೇಯಿಸುವ ಅಟ್ಟಿ, ಹಿತ್ತಾಳೆ ಹಂಡೆ, ಯಾರದೋ ಮದುವೆಯ ಉಡುಗೊರೆಗಳೆಲ್ಲ ಇಳಿದವು. ಬಾಗಿಲು ಸ್ವಲ್ಪ ಉಬ್ಬಿತ್ತು, ಬಡಗಿ ಕೆರೆದು ಕೂರಿಸಿದ. ಹಾಕಿದೆ. ತೆರೆದೆ. ಮತ್ತೆ ಹಾಕಿದೆ. ಒಳಗೆ ಒಬ್ಬಳೇ ನಿಂತು ಸುಮ್ಮನೆ ನಕ್ಕೆ.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಕುರ್ಚಿಯ ಯುದ್ಧ.

ಇವರು ಕುರ್ಚಿಯನ್ನು ಗೋಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖವಾಗಿ ಹಾಕಿದರು. "ಬಂದವರು ಕಾಣ್ಬೇಕು. ಬೆನ್ನ ಹಿಂದೆ ಯಾರಿಗೂ ಜಾಗ ಕೊಡಬಾರದು." ಇದೇನು ಗಲ್ಲಾವಾ, ಬಿಲ್ಲು ಕೊಡದೆ ಓಡಿಹೋಗುವವರನ್ನು ಹಿಡಿಯಲಿಕ್ಕೆ? ನನಗೆ ಗಾಳಿ ಬೇಕು, ಎದುರಿನ ಬಾದಾಮಿ ಮರ ಕಾಣಬೇಕು ಎಂದು ಕುರ್ಚಿಯನ್ನು ಕಿಟಕಿಗೆ ತಿರುಗಿಸಿದೆ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಬಾಗಿಲಿಗೆ ತಿರುಗಿತ್ತು. ನಾನು ಮತ್ತೆ ತಿರುಗಿಸಿದೆ.

ಯಕ್ಷಿತಾ ಹಾಸಿಗೆಯಲ್ಲಿ ಮಲಗಿ ನೋಡುತ್ತಿದ್ದಳು. "ಆಪ್ ಲೋಗ್ ತಿರುಗುವ ಕುರ್ಚಿ ಯಾಕೆ ತಗೊಳ್ಳಲಿಲ್ಲ?" ಎಂದಳು.

ಸೆಪ್ಟೆಂಬರ್ 16, ಮಂಗಳವಾರ

ವಂದನಾಳಿಂದ ಕೊನೆಯ ಪಟ್ಟಿ ಬಂತು. ಮೂರನೇ ಸಾಲು: ಕೂತವರ ಬೆನ್ನಿಗೆ ಗೋಡೆ ಇರಬೇಕು, ಕಂಪ್ಯೂಟರಿನ ಪರದೆ ಹಿಂದಿನಿಂದ ಯಾರಿಗೂ ಕಾಣಬಾರದು, ಒಳಗೆ ಬರುವವರು ಕೂತವರಿಗೆ ಕಾಣಬೇಕು.

ಎರಡು ಸಲ ಓದಿದೆ. ಎದ್ದು ಹೋಗಿ ಕುರ್ಚಿಯನ್ನು ಬಾಗಿಲಿಗೆ ತಿರುಗಿಸಿದೆ. ಇವರು ಹಾಲಿನಿಂದ ಲಂಗ, ಟವೆಲುಗಳ ನಡುವೆ ಬಗ್ಗಿ ನೋಡಿದರು. ಆಮೇಲೆ ಅರ್ಧ ದಿನ ಸಿಳ್ಳೆ ಹಾಕಿಕೊಂಡಿದ್ದರು.

ಇಂಟರ್‌ನೆಟ್ಟಿನವನು ಬಂದ. ತಂತಿ ಮೂಲೆಯವರೆಗೆ ಮಾತ್ರ ಬರುತ್ತದೆ, ಇಂಟರ್‌ನೆಟ್ ಡಬ್ಬಿಯನ್ನು ಡ್ರಮ್ಮಿನ ಮೇಲಲ್ಲದೆ ಬೇರೆಲ್ಲೂ ಇಡಲಿಕ್ಕಾಗುವುದಿಲ್ಲ ಎಂದ. ಡ್ರಮ್ಮಿನ ಮೇಲೆ ಅತ್ತೆ ಒಂದು ಕನ್ನಡಕವನ್ನೂ ಇಡಲು ಬಿಡುವವರಲ್ಲ. "ಸಾಯಂಕಾಲ ನೋಡುವಾ, ಕೆಳಗಿಟ್ಟು ಹೋಗಿ" ಎಂದೆ.

ಆಮೇಲೆ ಅಭ್ಯಾಸ ಮಾಡಬೇಕಿತ್ತು. ಯಕ್ಷಿತಾ ಇರಲಿಲ್ಲ. ಅತ್ತೆಗೆ ಮೊಬೈಲು ಕೊಟ್ಟು ಹಾಲಿನಲ್ಲಿ ಕೂರಿಸಿ, ನಾನು ಬಾಲ್ಕನಿಯ ಬಾಗಿಲು ಹಾಕಿಕೊಂಡು ಫೋನು ಮಾಡಿದೆ. "ಅಮ್ಮಾ, ಕಣ್ಣಿನ ಆಸ್ಪತ್ರೆಯಿಂದ ಮಾತಾಡ್ತಿದ್ದೇನೆ. ಹೇಗಿದ್ದೀರಿ?"

"ಇಲ್ಲೇ ಇದ್ದೇನಲ್ಲ!" ಎಂದರು.

"ಅತ್ತೆ, ನೀವು ಪೇಷಂಟು. ಆಪರೇಷನ್ ಆಗಿ ನಾಲ್ಕು ದಿನ."

"ಹೋ." ಆಮೇಲೆ ರೋಗಿಯ ದನಿ ತೆಗೆದು, "ಕಣ್ಣು ಕರಕರ ಅಂತದೆ."

"ಡ್ರಾಪ್ಸ್ ಹಾಕುವ ಮೊದಲು ಕೈ ತೊಳೀತೀರಾ ಅಮ್ಮ? ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಳ್ತೀರಾ? ಒಲೆಯ ಹತ್ತಿರ ಹೋಗಬೇಡಿ, ಆಯ್ತಾ?" ಹೀಗೇ ಹತ್ತು ಪ್ರಶ್ನೆ ಕೇಳಿದೆ.

"ನನ್ನ ಕಣ್ಣಿನದ್ದು ಆದಾಗ ಯಾರೂ ಹೀಗೆ ಕೇಳ್ಲಿಲ್ಲ, ರಾಜೀವಿ," ಎಂದರು. "ಎಂಟನೇ ದಿನ ಮೀನು ಕಾಯಿಸ್ಲಿಕ್ಕೆ ನಿಂತೆ. ಆ ಕಣ್ಣು ಮತ್ತೆ ಸರಿಯೇ ಆಗ್ಲಿಲ್ಲ."

ಅದು ಆದದ್ದು ನಾನು ಮದುವೆಯಾಗಿ ಬರುವ ಮೊದಲು. ಆದರೂ ಇಷ್ಟು ವರ್ಷ ಜೊತೆಗಿದ್ದು ನಾನೂ ಕೇಳಲಿಲ್ಲವಲ್ಲ. ನಾಚಿಕೆಯಾಯಿತು. ಹೊರಗೆ ಬರುವಷ್ಟರಲ್ಲಿ ಅತ್ತೆ ತಮ್ಮ ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದರು. ಡ್ರಮ್ಮಿನ ಮೇಲೆ ಹಾಸಿ, ಇಂಟರ್‌ನೆಟ್ ಡಬ್ಬಿಯನ್ನು ತಾವೇ ಎತ್ತಿಟ್ಟರು. "ಬಿಸಿ ಆಗುದಿಲ್ಲ ತಾನೆ? ಅಕ್ಕಿಗೆ ಹುಳ ಹಿಡಿದೀತು."

ಸೆಪ್ಟೆಂಬರ್ 18, ಗುರುವಾರ

ನಾಳೆ. ಎಲ್ಲ ಸಿದ್ಧ. ನನ್ನ ಆಫೀಸು ಎಷ್ಟು ಚಂದ ಆಗಿದೆ ಅಂದರೆ ನೋಡಿ ನೋಡಿ ನನಗೇ ಸಾಕಾಗುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಬರೆಯಬೇಕು, ಪೂರ್ತಿ ಬರೆಯಬೇಕು, ಒಂದೂ ಬಿಡಬಾರದು.

ಹತ್ತೂವರೆಗೆ ಸೀರೆ ಉಟ್ಟು, ಹೆಡ್‌ಫೋನು ಹಾಕಿ ಕೂತೆ. ಹತ್ತು ನಲವತ್ತಕ್ಕೆ ತಲೆಯ ಮೇಲೆ ಢಂ! ಮತ್ತೆ ಢಂ, ಢಂ, ಗರ್ರ್ರ್. ಮೇಲಿನ ಮನೆಯ ಹಿತೇಶ್ ಭಾಯಿ ಬಚ್ಚಲಿನ ಟೈಲ್ಸ್ ಒಡೆಸಲು ಇವತ್ತೇ ಮುಹೂರ್ತ ಹುಡುಕಿದ್ದ! ಬಾಲ್ಕನಿಯ ಗಾಜು ನಡುಗಿತು.

ಸೆರಗು ಸಿಕ್ಕಿಸಿಕೊಂಡು ಮೇಲೆ ಓಡಿದೆ. ಹಿತೇಶ್ ಭಾಯಿ ಕೈ ಮುಗಿದ. "ಭಾಭಿ, ಮೈ ಕ್ಯಾ ಕರೂಂ, ಇವರು ಒಂದು ಗಂಟೆಗೆ ಬೇರೆ ಕಡೆ ಹೋಗ್ತಾರಂತೆ, ನಿಲ್ಲಿಸುವುದಿಲ್ಲ." ಕೆಲಸದವರು ನಾಲ್ಕು ಜನ, ಕೇಳಿಸದವರ ಹಾಗೆ ಸುತ್ತಿಗೆ ಎತ್ತುತ್ತಲೇ ಇದ್ದರು. ಕೂಗಿದೆ, ಬೇಡಿಕೊಂಡೆ. ಊಹೂಂ. ಮೆಟ್ಟಿಲು ಇಳಿದು ಬಂದೆ. ಹದಿನಾರು ದಿನ ಒದ್ದಾಡಿದ್ದು ಹದಿನೈದು ನಿಮಿಷದಲ್ಲಿ ಹೋಗುತ್ತದೆ ಅನಿಸಿ, ಬಾಗಿಲಲ್ಲೇ ಅತ್ತುಬಿಟ್ಟೆ.

ಇವರು ಕುರ್ಚಿಯಿಂದ ಎದ್ದರು. "ಎಷ್ಟು ಜನ?" ಎಂದರು.

ನನಗೆ ತಲೆಯೇ ಓಡಲಿಲ್ಲ. "ಎಂತ?"

"ಮೇಲೆ. ಕೆಲಸದವರು ಎಷ್ಟು ಜನ?"

"ನಾಲ್ಕು."

"ನಾಲ್ಕು ಜನರ ಒಂದು ಟೇಬಲು. ನೀನು ಹೋಗಿ ಕೂತ್ಕೋ, ಕಣ್ಣು ಒರೆಸು. ಅಮ್ಮಾ, ನೀರುಳ್ಳಿ ಕೊಯ್ಯಿ!"

ಅಡುಗೆಮನೆಯಲ್ಲಿ ಎಣ್ಣೆ ಕಾಯಿತು. ಹತ್ತು ಐವತ್ತೈದಕ್ಕೆ ನೀರುಳ್ಳಿ ಬಜೆಯ ಮೊದಲ ತಟ್ಟೆ ಹಿಡಿದು ಇವರು ಮೆಟ್ಟಿಲು ಹತ್ತಿದರು. ಹಿಂದೆಯೇ ಚಹಾದ ಕೆಟಲು ಹಿಡಿದು ಯಕ್ಷಿತಾ. ಪುಣ್ಯಕ್ಕೆ ಅವಳು ರಜೆ ಹಾಕಿದ್ದಳು. ಎರಡು ನಿಮಿಷ ಸದ್ದು ಮುಂದುವರಿಯಿತು. ಆಮೇಲೆ ಒಂದು ಸುತ್ತಿಗೆ ನಿಂತಿತು. ಆಮೇಲೆ ಇನ್ನೊಂದು. ಕೊನೆಗೆ ಆ ಗರ್ರ್ ಅನ್ನುವ ಮಷಿನೂ ಬಾಯಿ ಮುಚ್ಚಿತು.

ಹನ್ನೊಂದು ಗಂಟೆ. ಪರದೆಯ ಮೇಲೆ ವಂದನಾ.

"ನಮಸ್ಕಾರ್ರೀ ರಾಜೀವಿ ಅವರ, ಸ್ವಲ್ಪ ಕ್ಯಾಮೆರಾ ತಿರುಗಿಸ್ರಿ ನೋಡೂಣು. ಬಾಗಲಾ ಹಾಕ್ಕೋತದ? ಚಲೋ. ನಿಮ್ಮ ಹಿಂದ ಗ್ವಾಡಿ ಐತಲ್ಲ? ಭಾಳ ಚಲೋ ಆತು, ಇದರಾಗ ಎಲ್ಲಾರೂ ತಪ್ಪತಾರ. ಟೇಬಲ್ ಏನ್ರೀ ಇದು, ಅರಮನಿದೇನು?"

"ಹೋಟೆಲಿನದ್ದು ಮೇಡಂ."

"ಮತ್ತ ಬಾಜೂಕ ಅದೇನ್ರೀ, ಅಷ್ಟು ದೊಡ್ಡ ಡಬ್ಬಿ?"

"ಅಕ್ಕಿ ಡ್ರಮ್ಮು," ಎಂದೆ. ಅವಳು ಏನಾದರೂ ಹೇಳುವ ಮೊದಲೇ, "ಅದನ್ನು ತೆಗೆಯಲಿಕ್ಕೆ ಆಗುವುದಿಲ್ಲ ಮೇಡಂ. ಅದು ಅಲ್ಲೇ ಇರುತ್ತದೆ" ಎಂದುಬಿಟ್ಟೆ.

ವಂದನಾ ತನ್ನ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದಳು. ಅವಳ ಕುರ್ಚಿಗೆ ಒರಗಿಕೊಂಡು ಒಂದು ಗೋಣಿಚೀಲ. "ನನ್ನ ಬಾಜೂಕ ಜ್ವಾಳದ ಚೀಲ ಐತ್ರೀ. ಯಾರಿಗೂ ಹೇಳಬ್ಯಾಡ್ರಿ."

ಇಬ್ಬರೂ ನಕ್ಕೆವು. ಅರ್ಧ ಗಂಟೆ ಫೋನಿನ ಪರೀಕ್ಷೆ ಮಾಡಿದಳು. ಅಷ್ಟು ಹೊತ್ತೂ ಮೇಲಿನಿಂದ ಒಂದು ಪಿಟ್ಟೆನ್ನುವ ಸದ್ದಿಲ್ಲ. ಹನ್ನೊಂದು ನಲವತ್ತಕ್ಕೆ ಹೇಳಿದಳು: "ಸೋಮವಾರ ಒಂಬತ್ತಕ್ಕ ಕುಂದರ್ರಿ. ಕೆಲಸ ನಿಮ್ಮದು."

ಗೆದ್ದೆ! ಗೆದ್ದೆ! ಗೆದ್ದೆ!

ಇವರು ಇಳಿದು ಬಂದಾಗ ಅಂಗಿಗೆಲ್ಲ ಕಡಲೆಹಿಟ್ಟು. ಮೂರು ಸಲ ಬಜೆ ಹಾಕಿದ್ದರಂತೆ. ನಾಲ್ಕನೆಯವನು ಎದ್ದು ಸುತ್ತಿಗೆಗೆ ಕೈ ಹಾಕಿದಾಗ "ಬೈಠೋ, ಗರಮ್ ಆ ರಹಾ ಹೈ" ಎಂದು ಮತ್ತೆ ಕೂರಿಸಿದರಂತೆ. "ಗಿರಾಕಿ ಏಳುದು ಯಾವಾಗ ಅಂತ ನಂಗೆ ಮುಖ ನೋಡಿದ್ರೆ ಗೊತ್ತಾಗ್ತದೆ," ಎಂದರು. ಜುಲೈಯಿಂದ ಈಚೆಗೆ ಇವರ ಮುಖದಲ್ಲಿ ಆ ಬೆಳಕು ಕಂಡಿರಲಿಲ್ಲ. ತಬ್ಬಿಕೊಳ್ಳಬೇಕೆನಿಸಿತು. ಅತ್ತೆ ಇದ್ದರು. ತಬ್ಬಿಕೊಂಡೆ.

ಸೆಪ್ಟೆಂಬರ್ 22, ಸೋಮವಾರ

ಮಧ್ಯಾಹ್ನದ ಬಿಡುವು, ಮೂರು ಗಂಟೆಯವರೆಗೆ. ಊಟ ಆಯಿತು. ನನ್ನ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಅತ್ತೆ ಸ್ನಾನ ಮಾಡಿ ತೆನೆ ಕಟ್ಟಲು ಕೂತರು. ಬಾಗಿಲಿಗಾಯಿತು, ದೇವರಿಗಾಯಿತು, ಒಲೆಗಾಯಿತು. ಡ್ರಮ್ಮಿನ ಹಳೆಯದನ್ನು ಬಿಚ್ಚಿ ಹೊಸದು ಕಟ್ಟಿದರು. ತಟ್ಟೆಯಲ್ಲಿ ಒಂದು ಉಳಿಯಿತು. ಅಭ್ಯಾಸದ ಕೈ, ಐದು ಮಾಡಿಬಿಟ್ಟಿದ್ದರು. ಯಾರೂ ಅದರ ಕಡೆ ನೋಡಲಿಲ್ಲ.

ಇವರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಅದನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡರು. ಚಪ್ಪಲಿ ಮೆಟ್ಟಿದರು. ಮುಚ್ಚಿದ ಹೋಟೆಲಿನ ಶಟರಿಗೆ ಕಟ್ಟಲು ಹೊರಟರಾ ಎಂದು ಹೆದರಿದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಚಪ್ಪಲಿ ಬಿಟ್ಟು, ಹಾಲು ದಾಟಿ, ಬೆಡ್‌ರೂಮು ದಾಟಿ, ನೇರ ಬಾಲ್ಕನಿಗೆ ಬಂದು ನನ್ನ ಮೇಜಿನ ಹತ್ತಿರ ಮೊಣಕಾಲೂರಿದರು.

"ಅಲ್ಲಿ ಯಾಕಾ?" ಎಂದರು ಅತ್ತೆ ಹಿಂದಿನಿಂದ.

"ಅನ್ನ ಕೊಡುದಕ್ಕೆಲ್ಲ ಕಟ್ಟಬೇಕು ಅಂತ ನೀನೇ ಹೇಳಿದ್ದಲ್ವಾ ಅಮ್ಮ," ಎಂದರು. ಕಬ್ಬಿಣದ ಕಾಲಿಗೆ ನಾರು ಸುತ್ತಿ ಎರಡು ಗಂಟು ಹಾಕಿದರು.

ಅತ್ತೆ ಬಗ್ಗಿ ನೋಡಿದರು. "ಗಂಟು ಸಡಿಲ ಉಂಟು. ಬಿಗಿ ಮಾಡು. ಒಂದು ವರ್ಷ ನಿಲ್ಲಬೇಕು ಅದು."

ಅತ್ತೆ. ಅತ್ತೆಯ ಬಾಯಿಂದ. ನಾನು ಅತ್ತದ್ದನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ, ಬರೆದಾಯಿತು. ಒಂಬತ್ತು ಗಂಟೆಗೆ ಮುಖ ತೊಳೆದು ಕೂತೆ.

ಮೊದಲ ಫೋನು ವಿಜಯಪುರದ ಕಡೆಯ ಗಂಗುಬಾಯಿ ಎಂಬ ಮುದುಕಿಗೆ. "ಯಾರವ್ವಾ ನೀ?" ಎಂದಳು. "ನಾನು ರಾಜೀವಿ, ಕಣ್ಣಿನ ಆಸ್ಪತ್ರೆಯಿಂದ," ಎಂದೆ. ನಿನ್ನೆ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತಿದ್ದಳಂತೆ. ಚೆನ್ನಾಗಿ ಬೈದೆ. ಸೊಸೆಗೆ ಫೋನು ಕೊಡಿಸಿ ಅವಳಿಗೂ ಹೇಳಿದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಇಪ್ಪತ್ತಮೂರು ಜನರ ಹತ್ತಿರ ಮಾತಾಡಿದೆ.

ಊಟಕ್ಕೆ ಬಡಿಸುವಾಗ ಅತ್ತೆ, "ಹೊಸ ತೆನೆ ಬಂತಲ್ಲ, ಇನ್ನು ಬೇಕಾದ್ರೆ ಡ್ರಮ್ಮು ಸರಿಸು" ಎಂದರು.

"ಬೇಡ ಅತ್ತೆ. ಇಂಟರ್‌ನೆಟ್ ಡಬ್ಬಿ ಎಲ್ಲಿಡುವುದು?" ಎಂದೆ.

ಮೂರಕ್ಕೆ ಹತ್ತು ನಿಮಿಷ ಇದೆ. ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಇವರು. ಚಹಾ ತಂದಿದ್ದಾರೆ. "ರಾಜೀವಿ, ಒಳಗೆ ಬರ್ಬಹುದಾ?" ಅನ್ನುತ್ತಿದ್ದಾರೆ.

ಒಂದು ನಿಮಿಷ ನಿಲ್ಲಿ, ಈ ಸಾಲು ಮುಗಿಯಲಿ ಎಂದಿದ್ದೇನೆ.